ಸ್ಪೀಕರ್ ಇರುವ ಕಾರ್ಡ್‌ಲೆಸ್ ಫೋನಿನಲ್ಲಿ ತಾಯಿಯವರ ಮಾತು ತುಂಡು ತುಂಡಾಗಿ ಕೇಳಿಸುತ್ತಿದೆ, ಏನು ಮಾಡಬೇಕು?

ಪ್ರಶ್ನೆ: ಮೈಸೂರಿನಿಂದ

ನಮ್ಮ ತಾಯಿಯವರಿಗೆ ಈಗ 79 ವರ್ಷ. ಬೆರಳಿನ ಕೀಲುಗಳ ನೋವಿನಿಂದಾಗಿ ಮೊಬೈಲನ್ನಾಗಲಿ ಫೋನಿನ ಹ್ಯಾಂಡ್‌ಸೆಟ್ಟನ್ನಾಗಲಿ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕಿವಿಗೆ ಹಿಡಿದುಕೊಳ್ಳಲು ಅವರಿಂದ ಸಾಧ್ಯವಾಗುವುದಿಲ್ಲ. ಆದ್ದರಿಂದ ಕಳೆದ ತಿಂಗಳು, ಬೇಸಿನ (ಲೈನಿನ ತಂತಿ ಸೇರುವ ಮುಖ್ಯ ಪೆಟ್ಟಿಗೆಯ) ಮೇಲೆಯೇ ಅಂಕಿಗಳ ಬಟನ್‌ಗಳೂ ಸ್ಪೀಕರೂ ಮೈಕೂ ಇರುವ ಕಾರ್ಡ್‌ಲೆಸ್ ಫೋನ್ ಒಂದನ್ನು ತಂದೆವು. ಎರಡು ಹ್ಯಾಂಡ್‌ಸೆಟ್‌ಗಳಿವೆ. ಒಂದು ತಾಯಿಯವರ ಮಲಗುವ ಕೋಣೆಯಲ್ಲಿದೆ, ಇನ್ನೊಂದು ಮಹಡಿಯ ಮೇಲೆ ನನ್ನ ಕೋಣೆಯಲ್ಲಿದೆ. ಬೇಸು ಮಾತ್ರ ನಡುಮನೆಯಲ್ಲಿ, ಟಿವಿಯ ಕೆಳಗಿನ ಗಾಜಿನ ಷೋಕೇಸಿನೊಳಗೆ, ಫೈಬರ್ ಮೋಡೆಮ್ಮಿನ ಪಕ್ಕದಲ್ಲಿದೆ. ಲ್ಯಾಂಡ್‌ಲೈನಿನ ತಂತಿ ಆ ಮೋಡೆಮ್ಮಿನಿಂದಲೇ ಬರುವುದರಿಂದ ಅದನ್ನು ಅಲ್ಲಿಯೇ ಇಟ್ಟೆವು.

ತೊಂದರೆ ಶುರುವಾಗಿರುವುದು ನನ್ನ ತಂಗಿಯ ಕರೆಯಲ್ಲಿ. ಅವಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ, ಪ್ರತಿ ಭಾನುವಾರ ತಾಯಿಯವರೊಂದಿಗೆ ಮಾತನಾಡುತ್ತಾಳೆ. ಸ್ಪೀಕರಿನಲ್ಲಿ ಮಾತನಾಡುವಾಗ ತಾಯಿಯವರ ಮಾತಿನ ಅರ್ಧ ಪದಗಳು ಕೇಳಿಸುವುದೇ ಇಲ್ಲವೆಂದೂ, ಯಾರೋ ಆಗಾಗ ಅವರ ಬಾಯಿಯನ್ನು ಮುಚ್ಚಿ ತೆಗೆದಂತೆ ಭಾಸವಾಗುತ್ತದೆಂದೂ, ಜೊತೆಗೆ ತನ್ನ ಧ್ವನಿಯೇ ತಿರುಗಿ ತನ್ನ ಕಿವಿಗೆ ಬೀಳುತ್ತದೆಂದೂ ಹೇಳುತ್ತಾಳೆ. ಈ ಕಡೆಯಿಂದ ತಾಯಿಯವರಿಗೂ ಅವಳ ಮಾತು ಇದ್ದಕ್ಕಿದ್ದಂತೆ ನಿಂತಂತಾಗುತ್ತದೆ. ಆಗ ಅವರು "ಲೈನ್ ಹೋಯಿತೇನೋ" ಎಂದು ಸುಮ್ಮನಾಗಿಬಿಡುತ್ತಾರೆ. ಮೊದಲು ಮುಕ್ಕಾಲು ಗಂಟೆ ನಡೆಯುತ್ತಿದ್ದ ಮಾತುಕತೆ ಈಗ ಹತ್ತು ನಿಮಿಷಕ್ಕೆ ಮುಗಿಯುತ್ತಿದೆ. ಇದು ನನ್ನನ್ನು ಬಹಳವಾಗಿ ಕಾಡುತ್ತಿದೆ. ಅವರ ಅನುಕೂಲಕ್ಕೆಂದು ತಂದ ಸಾಧನವೇ ಅವರ ಮಾತನ್ನು ಕಡಿಮೆ ಮಾಡಿತಲ್ಲ ಎನ್ನಿಸುತ್ತದೆ.

ಇನ್ನೆರಡು ಸಂಗತಿಗಳಿವೆ. ಬೇಸಿನಲ್ಲಿ ಮಾತನಾಡುತ್ತಿರುವಾಗ ನಾನು ಅದೇ ಕರೆಯನ್ನು ಮಹಡಿಯ ಹ್ಯಾಂಡ್‌ಸೆಟ್ಟಿಗೆ ತೆಗೆದುಕೊಳ್ಳಲು ಹೋದರೆ ಒಮ್ಮೊಮ್ಮೆ ಕರೆಯೇ ಕಡಿದುಹೋಗುತ್ತದೆ. ಕರೆಂಟು ಹೋದಾಗಲಂತೂ ಫೋನು ಪೂರ್ತಿಯಾಗಿ ಸತ್ತುಹೋಗುತ್ತದೆ. ತಂಗಿಯು "ಇಲ್ಲಿ ಇನ್ನೂ ಒಳ್ಳೆಯ ಫೋನು ಸಿಗುತ್ತದೆ, ಬರುವಾಗ ತರುತ್ತೇನೆ" ಎನ್ನುತ್ತಿದ್ದಾಳೆ. ಹೊಸದನ್ನು ತರಿಸುವುದಕ್ಕಿಂತ ಮುಂಚೆ ಇರುವುದನ್ನೇ ಸರಿಯಾಗಿ ಬಳಸುವ ಕ್ರಮವನ್ನು ತಿಳಿದವರು ದಯವಿಟ್ಟು ತಿಳಿಸಬೇಕು.


ಉತ್ತರ 1: ಧಾರವಾಡದಿಂದ, ಎಲೆಕ್ಟ್ರಾನಿಕ್ಸ್ ಪಾಠ ಹೇಳುವವರು

ತಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಫೋನು ಕೆಟ್ಟಿಲ್ಲವೆಂದು ನನ್ನ ಅಭಿಪ್ರಾಯ. ತಾವು ಹೇಳಿರುವ ಎಲ್ಲ ಲಕ್ಷಣಗಳೂ ಅದನ್ನು ಇಟ್ಟಿರುವ ಜಾಗದಿಂದಲೇ ಹುಟ್ಟಬಲ್ಲವು.

ಸ್ಪೀಕರೂ ಮೈಕೂ ಒಂದೇ ಡಬ್ಬಿಯಲ್ಲಿ, ಕೆಲವೇ ಬೆರಳಗಲದ ಅಂತರದಲ್ಲಿರುವಾಗ, ಎರಡನ್ನೂ ಪೂರ್ತಿಯಾಗಿ ತೆರೆದಿಟ್ಟರೆ ಸ್ಪೀಕರಿನಿಂದ ಹೊರಟ ದನಿ ಮತ್ತೆ ಮೈಕಿನೊಳಗೆ ನುಗ್ಗಿ ಪ್ರತಿಧ್ವನಿಯೋ ಕೀರಲು ಸದ್ದೋ ಏಳುತ್ತದೆ. ಇದನ್ನು ತಪ್ಪಿಸುವುದಕ್ಕಾಗಿ ಮನೆಬಳಕೆಯ ಬಹುಪಾಲು ಬೇಸುಗಳು ತಕ್ಕಡಿಯಂತೆ ಕೆಲಸ ಮಾಡುತ್ತವೆ. ಈ ಕಡೆಯ ದನಿ ಜೋರಾದರೆ ಮೈಕು ಮೇಲೇಳುತ್ತದೆ, ಸ್ಪೀಕರು ತಗ್ಗುತ್ತದೆ. ಆ ಕಡೆಯ ದನಿ ಜೋರಾದರೆ ಇದು ತಲೆಕೆಳಗಾಗುತ್ತದೆ. ಯಾವ ತಟ್ಟೆ ಭಾರವೆಂಬುದನ್ನು ಯಂತ್ರವು ಸದ್ದಿನ ಮಟ್ಟದಿಂದ ಮಾತ್ರ ತೀರ್ಮಾನಿಸುತ್ತದೆ. ಆ ಸದ್ದು ತಾಯಿಯವರ ಮಾತೋ, ಟಿವಿಯ ಧಾರಾವಾಹಿಯೋ, ತಲೆಯ ಮೇಲಿನ ಫ್ಯಾನಿನ ಗಾಳಿಯೋ ಎಂಬುದು ಸಾಧಾರಣ ಬೇಸಿಗೆ ಚೆನ್ನಾಗಿ ತಿಳಿಯುವುದಿಲ್ಲ. ಫ್ಯಾನು ಜೋರಾಗಿ ತಿರುಗುತ್ತಿದ್ದರೆ ಅಥವಾ ಟಿವಿ ಹಾಕಿದ್ದರೆ ಈ ಕಡೆಯವರು ಮಾತನಾಡುತ್ತಿದ್ದಾರೆಂದು ಭ್ರಮಿಸಿ ಅದು ತಂಗಿಯವರ ಮಾತನ್ನು ಅದುಮಿಬಿಡುತ್ತದೆ. ತಾಯಿಯವರಿಗೆ "ಲೈನ್ ಹೋಯಿತು" ಎನ್ನಿಸುವುದು ಆ ಗಳಿಗೆಯಲ್ಲಿ.

ಅದಕ್ಕೆ ವಿರುದ್ಧವಾದ ತಪ್ಪನ್ನೂ ನಾವೆಲ್ಲರೂ ಮಾಡುತ್ತೇವೆ. ಹಿರಿಯರಿಗೆ ಚೆನ್ನಾಗಿ ಕೇಳಲಿ ಎಂದು ಸ್ಪೀಕರಿನ ದನಿಯನ್ನು ತುದಿಯವರೆಗೆ ಏರಿಸಿಬಿಡುತ್ತೇವೆ. ಆಗ ಸ್ಪೀಕರಿನ ತಟ್ಟೆ ಎಷ್ಟು ಭಾರವಾಗುತ್ತದೆಂದರೆ ವಯಸ್ಸಾದವರ ಮೆಲ್ಲನೆಯ ದನಿಗೆ ಅದನ್ನು ಎತ್ತುವ ಶಕ್ತಿಯೇ ಉಳಿಯುವುದಿಲ್ಲ. ತಂಗಿಯವರು ಕೇಳುವ "ತುಂಡು ಮಾತು" ಇದರ ಫಲ. ಅವರಿಗೆ ಅವರದೇ ಧ್ವನಿ ತಿರುಗಿ ಕೇಳಿಸುವುದೂ ಇದೇ ಕಾರಣದಿಂದ. ಅಮೆರಿಕದಲ್ಲಿ ಕೇಳಿಸುವ ಆ ಪ್ರತಿಧ್ವನಿ ಹುಟ್ಟುತ್ತಿರುವುದು ತಮ್ಮ ನಡುಮನೆಯ ಷೋಕೇಸಿನಲ್ಲಿ. ಮೂರು ಕಡೆ ಗಾಜು, ಕೆಳಗೆ ಗಟ್ಟಿ ಹಲಗೆ ಇರುವ ಗೂಡಿನೊಳಗೆ ಸ್ಪೀಕರಿನ ದನಿ ಹೊರಗೆ ಹರಡುವ ಮೊದಲೇ ಪುಟಿದು ಮೈಕಿಗೆ ಬೀಳುತ್ತದೆ. ಮಾತು ಫೈಬರ್ ಮೂಲಕ, ಅದೂ ದೂರದೇಶಕ್ಕೆ ಹೋಗುವಾಗ ಹಾದಿಯಲ್ಲಿ ಸ್ವಲ್ಪ ತಡವಾಗುವುದರಿಂದ ಆ ಪ್ರತಿಧ್ವನಿ ಬೇರೆಯಾಗಿ ಎದ್ದು ಕಾಣುತ್ತದೆ.

ಒಂದು ಪರೀಕ್ಷೆ ಮಾಡಿ. ತಂಗಿಯವರಿಗೆ ಅವರದೇ ಧ್ವನಿ ತಿರುಗಿ ಕೇಳಿಸುತ್ತಿರುವ ಹೊತ್ತಿನಲ್ಲಿ ಅದೇ ಕರೆಯನ್ನು ಹ್ಯಾಂಡ್‌ಸೆಟ್ಟಿಗೆ ತೆಗೆದುಕೊಂಡು ಬೇಸಿನ ಸ್ಪೀಕರನ್ನು ಬಿಡಿಸಿ. ಪ್ರತಿಧ್ವನಿ ಅಲ್ಲಿಗೆ ನಿಂತರೆ ತಪ್ಪು ಬೇಸಿನ ಜಾಗದ್ದು. ನಿಲ್ಲದಿದ್ದರೆ ಮಾತ್ರ ಲೈನಿನ ಬಗ್ಗೆ ದೂರು ಕೊಡುವುದು ಸರಿ.

ಪರಿಹಾರ ಸುಲಭ. ಬೇಸನ್ನು ಷೋಕೇಸಿನಿಂದ ಹೊರಗೆ ತೆಗೆದು, ತಾಯಿಯವರು ಕೂರುವ ಕುರ್ಚಿಯ ಪಕ್ಕದಲ್ಲಿ ಒಂದು ಸಣ್ಣ ಮೇಜಿನ ಮೇಲೆ, ಕೆಳಗೆ ದಪ್ಪನೆಯ ಬಟ್ಟೆಯನ್ನು ಹಾಸಿ ಇಡಿ. ಗೋಡೆಯ ಮೂಲೆಗೆ ಒತ್ತಿ ಇಡಬೇಡಿ. ಅವರ ಬಾಯಿಗೂ ಬೇಸಿಗೂ ಒಂದೂವರೆ ಅಡಿಯಿಂದ ಎರಡು ಅಡಿಯವರೆಗಿನ ಅಂತರವಿರಲಿ. ದೂರವನ್ನು ಅರ್ಧಕ್ಕೆ ಇಳಿಸಿದರೆ ನೇರವಾಗಿ ಮೈಕಿಗೆ ತಲಪುವ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಎಂದರೆ ಕೂಗದೆಯೇ ಕೂಗಿದಷ್ಟು ಲಾಭ. ಹತ್ತಿರ ಬಂದ ಮೇಲೆ ಸ್ಪೀಕರಿನ ದನಿಯನ್ನು ಎರಡು ಹಂತ ತಗ್ಗಿಸಿದರೂ ಅವರಿಗೆ ಮೊದಲಿನಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆ. ಮೈಕಿನ ಸಣ್ಣ ರಂಧ್ರ ಬಹಳಷ್ಟು ಮಾದರಿಗಳಲ್ಲಿ ಬೇಸಿನ ಮುಂದಿನ ಅಂಚಿನಲ್ಲಿ ಇರುತ್ತದೆ. ಅದನ್ನು ಹುಡುಕಿ, ಅವರ ಕಡೆಗೆ ಮುಖ ಮಾಡಿಸಿ. ಹಾಸಿದ ಬಟ್ಟೆಯ ಮಡಿಕೆಯಿಂದ ಆ ರಂಧ್ರ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಮಾತಿನ ಹೊತ್ತಿಗೆ ಫ್ಯಾನಿನ ವೇಗವನ್ನು ಇಳಿಸುವುದು, ಟಿವಿ ಆರಿಸುವುದು ಕಡ್ಡಾಯ.

ಇನ್ನೊಂದು ಮಾತಿದೆ. ನಾವು ಕನ್ನಡದವರು ಕೇಳುತ್ತಿರುವಾಗ ಸುಮ್ಮನಿರುವುದಿಲ್ಲ. ಎದುರಿನವರ ಪ್ರತಿ ವಾಕ್ಯದ ನಡುವೆಯೂ "ಹೂಂ", "ಹೌದಾ", "ಆಮೇಲೆ?" ಎಂದು ಹೂಂಗುಟ್ಟುತ್ತಲೇ ಇರುತ್ತೇವೆ. ಮುಖಾಮುಖಿ ಮಾತಿನಲ್ಲಿ ಅದು ಆದರ. ಆದರೆ ಈ ತಕ್ಕಡಿಯಂತಹ ಫೋನಿನಲ್ಲಿ ಒಂದೊಂದು "ಹೂಂ" ಕೂಡ ತಟ್ಟೆಯನ್ನು ಆ ಕಡೆಗೆ ವಾಲಿಸಿ ಎದುರಿನವರ ಒಂದೆರಡು ಪದಗಳನ್ನು ನುಂಗುತ್ತದೆ. ಹಾಗೆಂದು ತಾಯಿಯವರಿಗೆ ಈ ವಯಸ್ಸಿನಲ್ಲಿ ಹೂಂಗುಟ್ಟಬೇಡಿ ಎನ್ನುವುದು ಸಲ್ಲದು. ತಂಗಿಯವರು ಒಂದು ಕ್ರಮವನ್ನು ರೂಢಿಸಿಕೊಳ್ಳಲಿ. ತಾಯಿಯವರ ವಾಕ್ಯ ಮುಗಿದು ಅವರು ಉಸಿರೆಳೆದುಕೊಂಡಾಗ ಸ್ಪಷ್ಟವಾಗಿ "ಹೂಂ, ಹೇಳಮ್ಮ" ಎನ್ನಲಿ. ಪೂರ್ತಿಯಾಗಿ ಮೌನವಾಗಿಬಿಟ್ಟರೆ ತಾಯಿಯವರು ಕರೆ ಕಡಿದಿದೆಯೆಂದು ತಿಳಿದು ನಿಲ್ಲಿಸಿಬಿಡುತ್ತಾರೆ. ಸರಿಯಾದ ಜಾಗದಲ್ಲಿ ಬೀಳುವ ಒಂದು "ಹೂಂ" ಸಾಕು.


ಉತ್ತರ 2: ತೀರ್ಥಹಳ್ಳಿ ಕಡೆಯಿಂದ, ದೂರವಾಣಿ ವಿಭಾಗದಲ್ಲಿ ತಂತ್ರಜ್ಞನಾಗಿದ್ದು ನಿವೃತ್ತನಾದವನು

ಮೇಲಿನವರು ಧ್ವನಿಯ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ಅದಕ್ಕೆ ನಾನು ಸೇರಿಸುವುದೇನೂ ಇಲ್ಲ. ಕರೆಯ ವರ್ಗಾವಣೆ ಮತ್ತು ವಿದ್ಯುತ್ತಿನ ಬಗ್ಗೆ ಹೇಳುತ್ತೇನೆ.

ತಮ್ಮ ಕರೆ ಕಡಿಯುತ್ತಿರುವುದು ಬಟನ್ ಒತ್ತುವ ಕ್ರಮ ಹಿಂದುಮುಂದಾಗುವುದರಿಂದ ಇರಬೇಕು. ಬೇಸಿನಲ್ಲಿ ಸ್ಪೀಕರ್ ಬಟನ್ ಒತ್ತಿದರೆ ಮಾತು ಶುರು, ಮತ್ತೊಮ್ಮೆ ಒತ್ತಿದರೆ ಕರೆ ಮುಕ್ತಾಯ. ಹ್ಯಾಂಡ್‌ಸೆಟ್ಟನ್ನು ಕೈಗೆತ್ತಿಕೊಳ್ಳುವ ಮೊದಲೇ ಯಾರಾದರೂ ಬೇಸಿನ ಸ್ಪೀಕರ್ ಬಟನ್ ಒತ್ತಿಬಿಟ್ಟರೆ ಲೈನಿನಲ್ಲಿ ಯಾರೂ ಉಳಿಯುವುದಿಲ್ಲವಾದ್ದರಿಂದ ಕರೆ ಕಡಿಯುತ್ತದೆ. ಮೊದಲು ಮಹಡಿಯ ಹ್ಯಾಂಡ್‌ಸೆಟ್ಟಿನಲ್ಲಿ ಮಾತಿನ ಬಟನ್ ಒತ್ತಬೇಕು. ಆಗ ತಾವೂ ಅದೇ ಕರೆಗೆ ಸೇರುತ್ತೀರಿ, ಮೂವರೂ ಮಾತನಾಡಬಹುದು. ತಮ್ಮ ಧ್ವನಿ ಆ ಕಡೆಯವರಿಗೆ ಕೇಳಿಸಿದ್ದು ಖಚಿತವಾದ ಮೇಲಷ್ಟೇ ಬೇಸಿನ ಸ್ಪೀಕರನ್ನು ಬಿಡಿಸಬೇಕು. ಹ್ಯಾಂಡ್‌ಸೆಟ್ಟಿನಿಂದ ಸೇರಲು ಆಗುತ್ತಲೇ ಇಲ್ಲವೆಂದಾದರೆ, ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸೇರದಂತೆ ತಡೆಯುವ ಖಾಸಗಿ ಆಯ್ಕೆಯೊಂದು ಕೆಲವು ಮಾದರಿಗಳ ಮೆನುವಿನಲ್ಲಿರುತ್ತದೆ. ಅದು ಚಾಲೂ ಆಗಿದೆಯೇ ಎಂದು ನೋಡಿ.

ತಾವು ಮಹಡಿಯ ಮೇಲಿದ್ದು ತಾಯಿಯವರೇ ಕರೆಯನ್ನು ತಮಗೆ ಕಳುಹಿಸಬೇಕಾದಾಗ ಇಂಟರ್‌ಕಾಮ್ ಬಟನ್ ಒತ್ತಿ ತಮ್ಮ ಹ್ಯಾಂಡ್‌ಸೆಟ್ಟಿನ ಸಂಖ್ಯೆಯನ್ನು ಒತ್ತಬೇಕು. ಹೊರಗಿನ ಕರೆ ಕಾಯುತ್ತಿರುತ್ತದೆ, ತಾವು ಉತ್ತರಿಸಿದ ಬಳಿಕ ಅವರು ಬಿಡಿಸಿದರಾಯಿತು. ಆದರೆ ಆ ವಯಸ್ಸಿನವರಿಗೆ ಈ ಮೂರು ಹೆಜ್ಜೆಗಳನ್ನು ಕಲಿಸಲು ನಾನು ಹೋಗುವುದಿಲ್ಲ. ಬೇಸಿನ ಪೇಜ್ ಬಟನ್ ಒತ್ತಿದರೆ ಎಲ್ಲ ಹ್ಯಾಂಡ್‌ಸೆಟ್‌ಗಳೂ ಸದ್ದು ಮಾಡುತ್ತವೆ. ಕಳೆದುಹೋದ ಹ್ಯಾಂಡ್‌ಸೆಟ್ಟನ್ನು ಹುಡುಕಲೆಂದು ಕೊಟ್ಟಿರುವ ಈ ಬಟನ್, ಕರೆ ಇಲ್ಲದ ಹೊತ್ತಿನಲ್ಲಿ "ಕೆಳಗೆ ಬಾ" ಎಂದು ಮಗನನ್ನು ಕರೆಯುವ ಗಂಟೆಯಾಗಿಯೂ ಚೆನ್ನಾಗಿ ಒದಗುತ್ತದೆ. ತಾಯಿಯವರಿಗೆ ಸ್ಪೀಕರ್ ಬಟನ್ ಮತ್ತು ಪೇಜ್ ಬಟನ್ ಎಂಬ ಎರಡೇ ಬಟನ್‌ಗಳ ಪರಿಚಯವಿದ್ದರೆ ಸಾಕು. ಪೇಜ್ ಬಟನ್ನನ್ನು ಹಲವು ಸೆಕೆಂಡುಗಳ ಕಾಲ ಅದುಮಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಬೇಸು ಹೊಸ ಹ್ಯಾಂಡ್‌ಸೆಟ್ಟನ್ನು ನೋಂದಾಯಿಸಿಕೊಳ್ಳುವ ಸ್ಥಿತಿಗೆ ಹೋಗುತ್ತದೆ. ಏನೂ ಹಾಳಾಗುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಹಿಂದಿರುಗುತ್ತದೆ. ಆದರೂ ಒಮ್ಮೆ ಒತ್ತಿ ಬಿಡಬೇಕು ಎಂದು ಹೇಳಿಕೊಡಿ.

ಈಗ ಕರೆಂಟಿನ ವಿಷಯ. ತಾಮ್ರದ ತಂತಿಯ ಕಾಲದಲ್ಲಿ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ನೇರವಿದ್ಯುತ್ತು ಆ ತಂತಿಯಲ್ಲಿ ಬರುತ್ತಿತ್ತು. ಎಕ್ಸ್‌ಚೇಂಜಿನಲ್ಲಿ ದೊಡ್ಡ ಬ್ಯಾಟರಿಗಳ ಸಾಲೇ ಇರುತ್ತಿತ್ತು. ಆದ್ದರಿಂದ ಊರಿಗೆ ಊರೇ ಕತ್ತಲಾಗಿದ್ದರೂ ತಂತಿಯ ಫೋನು ಮಾತನಾಡುತ್ತಿತ್ತು. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರುಗಳಿಂದ ಜನ ನಮಗೆ ಫೋನು ಮಾಡಿದ್ದನ್ನು ನಾನು ಕಂಡಿದ್ದೇನೆ. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ, ವಿದ್ಯುತ್ತಲ್ಲ. ತಮ್ಮ ಮನೆಯಲ್ಲಿ ಮೋಡೆಮ್ಮಿಗೆ ಒಂದು, ಕಾರ್ಡ್‌ಲೆಸ್ಸಿನ ಬೇಸಿಗೆ ಒಂದು, ಹೀಗೆ ಎರಡು ಕಡೆ ವಿದ್ಯುತ್ತು ಬೇಕು. ಎರಡರಲ್ಲಿ ಒಂದು ಆರಿದರೂ ಫೋನಿಲ್ಲ. ಹ್ಯಾಂಡ್‌ಸೆಟ್ಟಿನೊಳಗೆ ಬ್ಯಾಟರಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಇದ್ದರೂ ಅದರೊಂದಿಗೆ ಮಾತನಾಡಬೇಕಾದ ಬೇಸೇ ಆರಿಹೋಗಿರುತ್ತದೆ. ಚಾರ್ಜಾಗಿರುವ ಒಂದು ಹ್ಯಾಂಡ್‌ಸೆಟ್ಟನ್ನು ಬೇಸಿನ ಮೇಲಿಟ್ಟರೆ ಅದರ ಬ್ಯಾಟರಿಯಿಂದಲೇ ಬೇಸು ಸ್ವಲ್ಪ ಹೊತ್ತು ನಡೆಯುವಂತಹ ಮಾದರಿಗಳೂ ಇವೆ. ತಮ್ಮದು ಅಂತಹುದೇ ಎಂಬುದನ್ನು ಕೈಪಿಡಿಯಲ್ಲಿ ನೋಡಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಎರಡೂ ಅಡಾಪ್ಟರ್‌ಗಳನ್ನು ಅದರ ಲೈನಿನ ಸಾಕೆಟ್ಟಿಗೆ ಹಾಕಿಬಿಡಿ. ಮೋಡೆಮ್ಮಿಗೆಂದು ಮಾರುವ ಸಣ್ಣ 12 ವೋಲ್ಟಿನ ಯುಪಿಎಸ್ಸಿಗೆ ಬೇಸಿನ ತಂತಿಯನ್ನು ಸಿಕ್ಕಿಸಲು ಮಾತ್ರ ಹೋಗಬೇಡಿ. ಬೇಸುಗಳು ಸಾಮಾನ್ಯವಾಗಿ 5ರಿಂದ 7 ವೋಲ್ಟಿನ ನಡುವೆ ಕೆಲಸ ಮಾಡುತ್ತವೆ. ಪಿನ್ನು ಹೊಂದಿತೆಂದು ಸಿಕ್ಕಿಸಿದರೆ ಸುಟ್ಟುಹೋಗಬಹುದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಹೊತ್ತಿನಲ್ಲಿ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡುವುದು ಒಳ್ಳೆಯದು. ತಾಮ್ರದ ಲೈನು ಇರುವವರು ಲೈನಿನ ತಂತಿಯನ್ನೂ ಕೀಳಬೇಕು.

ಮಾತು ಬಂದದ್ದರಿಂದ ಹೇಳುತ್ತೇನೆ, ಹಲವರ ಮನೆಯಲ್ಲಿ "ಫೋನು ಹೋಗುತ್ತಿಲ್ಲ" ಎಂಬ ದೂರಿಗೆ ಕಾರಣ ಫೋನೇ ಆಗಿರುವುದಿಲ್ಲ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಕರೆ ಮಾಡುವುದಿದ್ದರೂ ಸಂಖ್ಯೆಯ ಮೊದಲಿಗೆ 0 ಸೇರಿಸಬೇಕು. ಹಳೆಯ ಡೈರಿಯಿಂದ ಹತ್ತು ಅಂಕಿಗಳನ್ನು ಮಾತ್ರ ಫೋನಿನಲ್ಲಿ ಉಳಿಸಿಕೊಂಡವರು ಪ್ರತಿಯೊಂದನ್ನೂ ತಿದ್ದಬೇಕು. ತಾಯಿಯವರಿಗಾಗಿ ಒಂದೇ ಬಟನ್ನಿನ ಕರೆಗೆ ಸಂಖ್ಯೆಗಳನ್ನು ಇಡುವಾಗ ಇದನ್ನು ಮರೆಯಬೇಡಿ. 112 ಮತ್ತು 108ಕ್ಕೆ ಮಾತ್ರ ಮೊದಲಿಗೆ ಏನನ್ನೂ ಸೇರಿಸಬಾರದು.


ಉತ್ತರ 3: ಕ್ಯಾಲಿಫೋರ್ನಿಯಾದಿಂದ

ತಮ್ಮ ತಂಗಿಯವರ ಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಅದೇ ತಪ್ಪನ್ನು ನಾನು ಮಾಡಿದ್ದೇನೆ. ಊರಿಗೆ ಹೋಗುವಾಗ ಅಪ್ಪನಿಗೆಂದು ಇಲ್ಲಿಂದ ಒಂದು ಕಾರ್ಡ್‌ಲೆಸ್ ಫೋನು ಕೊಂಡುಹೋದೆ. ಇಲ್ಲಿನ ಅಡಾಪ್ಟರು 120 ವೋಲ್ಟಿಗೆ ಮಾತ್ರ ಮಾಡಿದ್ದು. ಅದನ್ನು ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ಹಾಕಿದ ಕೆಲವೇ ಗಳಿಗೆಯಲ್ಲಿ ವಾಸನೆ ಬಂತು. ತಪ್ಪು ನನ್ನದೇ, ಅಡಾಪ್ಟರಿನ ಮೇಲೆ ಬರೆದಿದ್ದನ್ನು ನಾನು ಓದಿರಲಿಲ್ಲ.

ಅಡಾಪ್ಟರನ್ನು ಬದಲಿಸಿ ಬಳಸೋಣವೆಂದು ವಿಚಾರಿಸಿದಾಗ ಅದಕ್ಕಿಂತ ದೊಡ್ಡ ತೊಡಕು ತಿಳಿಯಿತು. ಕಾರ್ಡ್‌ಲೆಸ್ ಫೋನುಗಳಲ್ಲಿ ಬಹಳಷ್ಟು ಬಳಸುವ ಡೆಕ್ಟ್ ಎಂಬ ಪದ್ಧತಿ ಹುಟ್ಟಿದ್ದು ಯೂರೋಪಿನಲ್ಲಿ. ಅಲ್ಲಿ ಅದು 1880ರಿಂದ 1900 ಮೆಗಾಹರ್ಟ್ಸ್ ತರಂಗಗಳಲ್ಲಿ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ "ಡೆಕ್ಟ್ 6.0" ಎಂಬ ಹೆಸರಿನಿಂದ ಮಾರುವ ಫೋನುಗಳು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ 2100 ಮೆಗಾಹರ್ಟ್ಸ್ ಎಂದು ಕರೆಯುವ ಮೊಬೈಲ್ ಪಟ್ಟಿಯಲ್ಲಿ 1920ರಿಂದ 1980ರವರೆಗಿನ ಭಾಗವು ಮೊಬೈಲಿನಿಂದ ಟವರಿನ ಕಡೆಗೆ ಹೋಗುವ ಸಂಕೇತಗಳಿಗಾಗಿ ಇರುವಂಥದ್ದು. ಎಂದರೆ ಅಮೆರಿಕದ ಕಾರ್ಡ್‌ಲೆಸ್ ಫೋನೊಂದು ಮೈಸೂರಿನ ಮನೆಯಲ್ಲಿ ಚಾಲೂ ಇದ್ದರೆ ಪಕ್ಕದ ಟವರಿನ ಕಿವಿಯಲ್ಲಿ ಕೂಗಿದಂತೆ. ಅಕ್ಕಪಕ್ಕದವರ ಮೊಬೈಲ್ ಕರೆಗಳಿಗೆ ಅದರಿಂದ ತೊಂದರೆಯಾಗಬಹುದು. ಭಾರತದಲ್ಲಿ ಇಂತಹ ರೇಡಿಯೋ ಉಪಕರಣಗಳಿಗೆ ಅನುಮೋದನೆ ಕೊಡುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಅಲ್ಲಿ ಮಾರಾಟಕ್ಕೆಂದು ಬರುವ ಫೋನುಗಳು ಆ ನಿಯಮಕ್ಕೆ ಒಳಪಟ್ಟಿರುತ್ತವೆ, ಚೀಲದಲ್ಲಿ ತುಂಬಿಕೊಂಡು ಹೋಗುವವು ಹಾಗಿರುವುದಿಲ್ಲ.

ಆದ್ದರಿಂದ ತಂಗಿಯವರಿಗೆ ತರಬೇಡವೆಂದು ನೇರವಾಗಿ ಹೇಳಿಬಿಡಿ. ಅವರ ಪ್ರೀತಿಗೆ ಬೇರೆ ದಾರಿಗಳಿವೆ. ಭಾನುವಾರದ ಕರೆಯ ಸಮಯವನ್ನು ತಾಯಿಯವರು ದಣಿಯದ ಹೊತ್ತಿಗೆ ಹೊಂದಿಸಿಕೊಂಡರೆ ಅದೇ ದೊಡ್ಡ ಉಪಕಾರ. ಅಮೆರಿಕದ ಪೂರ್ವ ಕರಾವಳಿಯ ಬೆಳಗಿನ ಒಂಬತ್ತು ಗಂಟೆ ಬೇಸಿಗೆಯಲ್ಲಿ ನಮ್ಮ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ನವೆಂಬರಿನಲ್ಲೂ ಮಾರ್ಚಿನಲ್ಲೂ ಅಮೆರಿಕದಲ್ಲಿ ಗಡಿಯಾರ ಬದಲಾಗುವುದನ್ನು ತಾಯಿಯವರಿಗೆ ಮುಂಚೆಯೇ ತಿಳಿಸದಿದ್ದರೆ ಅವರು ಒಂದು ಗಂಟೆ ಫೋನಿನ ಮುಂದೆ ಕಾಯುತ್ತಾ ಕೂತಿರುತ್ತಾರೆ.


ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಬೇಸನ್ನು ನಿನ್ನೆಯೇ ಷೋಕೇಸಿನಿಂದ ತೆಗೆದೆ. ಮೋಡೆಮ್ಮಿನಿಂದ ಕುರ್ಚಿಯವರೆಗೆ ತಲಪಲು ಉದ್ದನೆಯ ಟೆಲಿಫೋನ್ ತಂತಿ ಬೇಕಾಯಿತು, ಅದನ್ನು ಗೋಡೆಯ ಅಂಚಿನಲ್ಲಿ ಕ್ಲಿಪ್ಪು ಹೊಡೆದು ಎಳೆದಿದ್ದೇನೆ, ಯಾರ ಕಾಲಿಗೂ ತೊಡರುವುದಿಲ್ಲ. ಹಳೆಯ ಜಮಖಾನದ ತುಂಡನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಬೇಸನ್ನು ಇಟ್ಟಿದ್ದೇವೆ. ನಾನೇ ಹೊರಗಿನಿಂದ ಮೊಬೈಲಿನಲ್ಲಿ ಕರೆ ಮಾಡಿ ಪರೀಕ್ಷಿಸಿದೆ. ಸ್ಪೀಕರಿನ ದನಿ ತುದಿಯಲ್ಲಿದ್ದಾಗ ತಾಯಿಯವರ ಮಾತು ಈಗಲೂ ಕೊಂಚ ತುಂಡಾಗುತ್ತಿತ್ತು. ಎರಡು ಹಂತ ಇಳಿಸಿದ ಮೇಲೆ ಪೂರ್ತಿ ವಾಕ್ಯಗಳು ಕೇಳಿಸಿದವು. ಇಷ್ಟು ದಿನ ನಾನೇ ಅದನ್ನು ಏರಿಸಿಟ್ಟಿದ್ದೆ.

ಇನ್ನು ಎರಡು ಸಣ್ಣ ಸಂಶಯಗಳಿವೆ. ತಾಯಿಯವರು ಬಲಗಿವಿಗೆ ಶ್ರವಣಯಂತ್ರ ಹಾಕುತ್ತಾರೆ. ಕೋಣೆಯ ಹ್ಯಾಂಡ್‌ಸೆಟ್ಟನ್ನು ಆ ಕಿವಿಗೆ ಹಿಡಿದರೆ "ಗುಂಯ್" ಎಂಬ ಸದ್ದು ಬರುತ್ತದೆಯಂತೆ. ಬೇಸಿನ ಸ್ಪೀಕರಿನಲ್ಲಿ ಅದು ಬರುವುದಿಲ್ಲ. ಇದರಿಂದ ಅಪಾಯವೇನಾದರೂ ಇದೆಯೇ? ಎರಡನೆಯದಾಗಿ, ಅವರು ಫೋನಿನ ಹತ್ತಿರ ಎದ್ದು ಬರುವಷ್ಟರಲ್ಲಿ ಫೋನು ತಾನೇ ಕರೆಯನ್ನು ಎತ್ತಿಕೊಂಡು ಇಂಗ್ಲಿಷಿನಲ್ಲಿ ಏನನ್ನೋ ಹೇಳಿಬಿಡುತ್ತದೆ. ಅದನ್ನು ನಿಲ್ಲಿಸುವುದು ಹೇಗೆ?


ಉತ್ತರ 4: ಹುಬ್ಬಳ್ಳಿಯಿಂದ, ಮಾವನವರನ್ನು ನೋಡಿಕೊಳ್ಳುತ್ತಿರುವವಳು

ನಮ್ಮ ಮಾವನವರಿಗೂ ಇದೇ ಗುಂಯ್ ಸದ್ದು ಬರುತ್ತಿತ್ತು. ಶ್ರವಣಯಂತ್ರವನ್ನು ಹೊಂದಿಸಿಕೊಡುವ ತಜ್ಞರು ವಿವರಿಸಿದ್ದನ್ನು ಹೇಳುತ್ತೇನೆ. ಡೆಕ್ಟ್ ಹ್ಯಾಂಡ್‌ಸೆಟ್ಟು ತರಂಗವನ್ನು ಎಡೆಬಿಡದೆ ಕಳುಹಿಸುವುದಿಲ್ಲ. ಪ್ರತಿ 10 ಮಿಲಿಸೆಕೆಂಡಿಗೆ ಒಮ್ಮೆ, ಎಂದರೆ ಸೆಕೆಂಡಿಗೆ 100 ಬಾರಿ, ಸಣ್ಣ ಸಣ್ಣ ಮಿಡಿತಗಳಾಗಿ ಕಳುಹಿಸುತ್ತದೆ. ಆ ಮಿಡಿತಗಳನ್ನು ಕಿವಿಯ ಯಂತ್ರದ ತಂತಿಗಳು ಹಿಡಿದುಕೊಂಡಾಗ ಅದೇ ಗುಂಯ್‌ಗುಡುವಿಕೆಯಾಗಿ ಕೇಳಿಸುತ್ತದೆ. ಅದರಿಂದ ಕಿವಿಗೂ ಯಂತ್ರಕ್ಕೂ ಅಪಾಯವಿಲ್ಲ, ಕಿರಿಕಿರಿ ಮಾತ್ರ. ಬೇಸಿನ ಸ್ಪೀಕರಿನಲ್ಲಿ ಮಾತನಾಡುವಾಗ ತರಂಗ ಹೊರಡಿಸುವ ಹ್ಯಾಂಡ್‌ಸೆಟ್ಟು ಕಿವಿಯ ಹತ್ತಿರವೇ ಇರುವುದಿಲ್ಲವಾದ್ದರಿಂದ ಸದ್ದೂ ಇಲ್ಲ. ಶ್ರವಣಯಂತ್ರ ಹಾಕುವವರಿಗೆ ಈ ಬಗೆಯ ಬೇಸು ಬಹಳ ಒಳ್ಳೆಯ ಆಯ್ಕೆಯೆಂದು ನಾನು ನಂಬಿದ್ದೇನೆ. ಹ್ಯಾಂಡ್‌ಸೆಟ್ಟನ್ನೇ ಬಳಸಬೇಕಾದಾಗ ಅದರ ಮೇಲಿರುವ ಸ್ಪೀಕರ್ ಬಟನ್ ಒತ್ತಿ ತೊಡೆಯ ಮೇಲೋ ಮೇಜಿನ ಮೇಲೋ ಇಟ್ಟುಕೊಂಡು ಮಾತನಾಡಲಿ. ಕಿವಿಗೆ ಹಿಡಿಯುವುದೇ ಆದರೆ ಯಂತ್ರವಿಲ್ಲದ ಎಡಗಿವಿಗೆ ಹಿಡಿಯಲಿ.

ಕಿವಿ ಮಂದವಾದವರ ವಿಷಯದಲ್ಲಿ ಇನ್ನೊಂದನ್ನು ಗಮನಿಸಿದ್ದೇನೆ. ಸಾಧಾರಣ ಲ್ಯಾಂಡ್‌ಲೈನು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತದೆ. "ಸ", "ಫ"ಗಳಂತಹ ಅಕ್ಷರಗಳ ತೆಳುವಾದ ದನಿಯ ಬಹುಪಾಲು ಅದಕ್ಕಿಂತ ಮೇಲಿರುತ್ತದೆ, ವಯಸ್ಸಾದ ಕಿವಿಗಳು ಮೊದಲು ಕಳೆದುಕೊಳ್ಳುವುದೂ ಆ ಮೇಲಿನ ದನಿಗಳನ್ನೇ. ಆದ್ದರಿಂದ ಆ ಕಡೆಯವರು ಕೂಗಿದರೆ ಉಪಯೋಗವಿಲ್ಲ, ನಿಧಾನವಾಗಿ ಬಿಡಿಸಿ ಹೇಳಿದರೆ ಉಪಯೋಗವಿದೆ. ಔಷಧಿಯ ಹೆಸರು, ದಿನಾಂಕ, ದುಡ್ಡಿನ ಮೊತ್ತ ಇಂತಹವನ್ನು ಎರಡು ಬಾರಿ ಹೇಳುವುದು ನಮ್ಮ ಮನೆಯಲ್ಲಿ ಈಗ ರೂಢಿಯಾಗಿದೆ.

ಫೋನು ತಾನೇ ಕರೆ ಎತ್ತುವುದು ಅದರೊಳಗಿನ ಉತ್ತರಿಸುವ ಯಂತ್ರದ ಕೆಲಸ. ನಾಲ್ಕೋ ಐದೋ ರಿಂಗಿನ ನಂತರ ಅದು ಎತ್ತಿಕೊಳ್ಳುವಂತೆ ಕಾರ್ಖಾನೆಯಲ್ಲಿಯೇ ಹೊಂದಿಸಿರುತ್ತಾರೆ. ಬೇಸಿನ ಮೇಲೆ ಅದನ್ನು ಆರಿಸುವ ಬಟನ್ ಇರುತ್ತದೆ, ಒತ್ತಿದರೆ ದೀಪ ಆರುತ್ತದೆ. ಸಂದೇಶಗಳು ಬೇಕು ಎನ್ನುವವರು ಮೆನುವಿನಲ್ಲಿ ರಿಂಗುಗಳ ಸಂಖ್ಯೆಯನ್ನು ಏಳಕ್ಕೆ ಏರಿಸಿಕೊಳ್ಳಬಹುದು. ಹಿರಿಯರು ಒಬ್ಬರೇ ಇರುವ ಮನೆಯಲ್ಲಿ ಆರಿಸಿಬಿಡುವುದೇ ಒಳ್ಳೆಯದು, ಏಕೆಂದರೆ ರಿಂಗು ಕೇಳಿ ಅವಸರದಿಂದ ಏಳುವುದರಿಂದಲೇ ಹಿರಿಯರು ಜಾರಿ ಬೀಳುವುದುಂಟು. "ನಿಧಾನವಾಗಿ ಬನ್ನಿ, ಅದು ಹೊಡೆದುಕೊಳ್ಳುತ್ತಲೇ ಇರುತ್ತದೆ" ಎಂದು ನಾನು ಮಾವನವರಿಗೆ ಹೇಳಿಟ್ಟಿದ್ದೇನೆ. ಕರೆ ಮಾಡುವವರಿಗೂ ಬೇಗ ಇಡಬೇಡಿ ಎಂದು ತಿಳಿಸಿದ್ದೇನೆ.

ಬಟನ್ನಿನ ವಿಷಯದಲ್ಲಿ ನಮ್ಮ ಮನೆಯ ಉಪಾಯ ಇದು: ಸ್ಪೀಕರ್ ಬಟನ್ನಿನ ಮೇಲೆ ಹಣೆಗೆ ಹಚ್ಚುವ ದೊಡ್ಡ ಕೆಂಪು ಸ್ಟಿಕ್ಕರ್ ಬೊಟ್ಟನ್ನು ಅಂಟಿಸಿದ್ದೇವೆ. ಕಣ್ಣಿಗೂ ಕಾಣುತ್ತದೆ, ಬೆರಳಿಗೂ ತಿಳಿಯುತ್ತದೆ. ಅಂಕಿಗಳ ಪೈಕಿ 5ರ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ಉಬ್ಬು ಇದ್ದೇ ಇರುತ್ತದೆ. ಆ ಉಬ್ಬಿನಿಂದ ಸುತ್ತಲಿನ ಅಂಕಿಗಳನ್ನು ತಡವಿ ಗುರುತಿಸಲು ಮಾವನವರು ಒಂದು ವಾರದಲ್ಲಿ ಕಲಿತರು.

ಹ್ಯಾಂಡ್‌ಸೆಟ್ಟಿನ ಸೆಲ್ಲುಗಳನ್ನು ಬದಲಿಸುವ ಕಾಲ ಬಂದಾಗ ಅಂಗಡಿಯ ಸಾಧಾರಣ ಪೆನ್ಸಿಲ್ ಸೆಲ್ಲು ಹಾಕಬೇಡಿ. ಅವು ಚಾರ್ಜ್ ಮಾಡುವಂಥವಲ್ಲ, ಹ್ಯಾಂಡ್‌ಸೆಟ್ಟನ್ನು ಅದರ ಜಾಗದಲ್ಲಿಟ್ಟು ಚಾರ್ಜ್ ಮಾಡಿದರೆ ಸೋರುತ್ತವೆ, ಒಡೆಯಲೂಬಹುದು. ನಿಕಲ್ ಮೆಟಲ್ ಹೈಡ್ರೈಡ್ ಎಂದು ಬರೆದಿರುವ 1.2 ವೋಲ್ಟಿನ ಚಾರ್ಜಬಲ್ ಸೆಲ್ಲುಗಳೇ ಬೇಕು. ಎರಡನ್ನೂ ಒಟ್ಟಿಗೇ ಬದಲಿಸಬೇಕು, ಮೊದಲ ಸಲ ಪೂರ್ತಿ ರಾತ್ರಿ ಚಾರ್ಜಾಗಲು ಬಿಡಬೇಕು. ಹ್ಯಾಂಡ್‌ಸೆಟ್ಟನ್ನು ಇಡುವ ಜಾಗದ ಲೋಹದ ಚುಕ್ಕೆಗಳನ್ನು ತಿಂಗಳಿಗೊಮ್ಮೆ ಒಣಬಟ್ಟೆಯಿಂದ ಒರೆಸಿದರೆ ಸಾಕು.


ಉತ್ತರ 1 ಬರೆದವರಿಂದ, ಮತ್ತೊಮ್ಮೆ

ಮೋಡೆಮ್ಮಿನಿಂದ ಬೇಸು ದೂರವಾದದ್ದು ಇನ್ನೊಂದು ರೀತಿಯಲ್ಲೂ ಒಳ್ಳೆಯದಾಯಿತು. ತಮ್ಮ ಫೋನು 1.9 ಗಿಗಾಹರ್ಟ್ಸ್‌ನದೋ 2.4 ಗಿಗಾಹರ್ಟ್ಸ್‌ನದೋ ಎಂಬುದು ಬೇಸಿನ ಅಡಿಯಲ್ಲಿರುವ ಚೀಟಿಯಲ್ಲಿ ಇರುತ್ತದೆ. 2.4 ಆಗಿದ್ದರೆ ವೈಫೈಯೂ ಮೈಕ್ರೋವೇವ್ ಒಲೆಯೂ ಅದೇ ತರಂಗಗಳ ಸುತ್ತಮುತ್ತ ಕೆಲಸ ಮಾಡುವುದರಿಂದ ಮಹಡಿಯ ಹ್ಯಾಂಡ್‌ಸೆಟ್ಟಿನಲ್ಲಿ ಕರಕರ ಸದ್ದು ಬರಬಹುದು. ಹಾಗೆ ಬಂದರೆ ಮೋಡೆಮ್ಮಿನ ವೈಫೈ ಚಾನೆಲನ್ನು 1ರಿಂದ 11ಕ್ಕೋ, 11ರಿಂದ 1ಕ್ಕೋ ಬದಲಿಸಿ ನೋಡಿ. 1.9 ಆಗಿದ್ದರೆ ಈ ಚಿಂತೆ ಇಲ್ಲ. ಬಯಲಿನಲ್ಲಿ ಸುಮಾರು 300 ಮೀಟರ್, ಮನೆಯೊಳಗೆ ಸುಮಾರು 50 ಮೀಟರ್ ಎಂದು ಕೈಪಿಡಿಗಳು ಹೇಳುತ್ತವೆ. ಕಾಂಕ್ರೀಟಿನ ತಾರಸಿ ನಡುವೆ ಇದ್ದರೆ ಅದು ಇನ್ನೂ ಕಡಿಮೆಯಾಗುತ್ತದೆ.


ಪ್ರಶ್ನೆ ಕೇಳಿದವರಿಂದ

ಇಂದು ಭಾನುವಾರ. ಸಂಜೆ ಟಿವಿ ಆರಿಸಿ, ಫ್ಯಾನನ್ನು ಒಂದಕ್ಕೆ ಇಳಿಸಿ, ತಾಯಿಯವರನ್ನು ಕುರ್ಚಿಯಲ್ಲಿ ಕೂರಿಸಿದೆ. ಕೆಂಪು ಬೊಟ್ಟಿನ ಬಟನ್ನನ್ನು ಅವರೇ ಒತ್ತಿದರು. ತಂಗಿಗೆ ಹೂಂಗುಟ್ಟುವ ಕ್ರಮವನ್ನು ಹಿಂದಿನ ದಿನವೇ ಹೇಳಿದ್ದೆ. ಮೊದಲ ಐದು ನಿಮಿಷ ಅವಳು ಮರೆತು ನಡುವೆ ನಡುವೆ ಬಾಯಿ ಹಾಕುತ್ತಿದ್ದಳು, ಆಮೇಲೆ ಒಗ್ಗಿತು. ಪ್ರತಿಧ್ವನಿ ಬರಲಿಲ್ಲವೆಂದಳು. ತಾಯಿಯವರು ಮಡಿಲಲ್ಲಿ ಕೈಗಳನ್ನು ಇಟ್ಟುಕೊಂಡು, ಪಕ್ಕದ ಮನೆಯವರ ಗೃಹಪ್ರವೇಶದ ಊಟದಿಂದ ಹಿಡಿದು ಹಿತ್ತಲಿನ ನುಗ್ಗೆಮರ ಮುರಿದದ್ದರವರೆಗೆ ಎಲ್ಲವನ್ನೂ ಹೇಳಿದರು. ನಡುವೆ ಎರಡು ನಿಮಿಷ ಕರೆಂಟು ಹೋಯಿತು. ಎರಡೂ ಅಡಾಪ್ಟರ್‌ಗಳನ್ನು ಇನ್ವರ್ಟರಿನ ಸಾಕೆಟ್ಟಿಗೆ ಹಾಕಿದ್ದರಿಂದ ಮಾತು ನಿಲ್ಲಲಿಲ್ಲ. ಅವರಿಗೆ ಕರೆಂಟು ಹೋದದ್ದು ಗೊತ್ತಾಗಿದ್ದು ದೀಪ ಆರಿದ್ದರಿಂದ ಮಾತ್ರ. ನಾನು ಮಹಡಿಗೆ ಹೋಗಿ ಹ್ಯಾಂಡ್‌ಸೆಟ್ಟಿನಿಂದ ಸೇರಿಕೊಂಡೆ, ಬೇಸನ್ನು ಯಾರೂ ಮುಟ್ಟಲಿಲ್ಲ, ಕರೆಯೂ ಕಡಿಯಲಿಲ್ಲ. ಫೋನಿನ ಪರದೆಯಲ್ಲಿ ಕೊನೆಗೆ 52 ನಿಮಿಷ ಎಂದು ತೋರಿಸಿತು.